ಕಂಬ ಹಿಡಿದ ಮೆಂಬರು

ಕುಡಿಯುವ ಗಂಡನನ್ನು ಸರಿದಾರಿಗೆ ತರುವ ದೇವರುಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿದ್ದಾರೆ. ರಾಜಕೀಯಕ್ಕೆ ಬಿದ್ದ ಗಂಡನನ್ನು ಎತ್ತುವ ದೇವರು ಮಾತ್ರ ತಿರುನೆಲ್ಲಿಯ ಗುಡಿಯಲ್ಲೂ ಇಲ್ಲ. ನಾನೇ ಹೋಗಿ ಕೇಳಿ ಬಂದಿದ್ದೇನೆ. ನಮ್ಮ ಯಜಮಾನರು ತೃಶ್ಶಿಲೇರಿ ಕಡೆಯ ಪಂಚಾಯತಿ ಮೆಂಬರು. ಕನ್ನಡದಲ್ಲಿ ಯೋಚಿಸಿ ಮಲಯಾಳದಲ್ಲಿ ಭಾಷಣ ಮಾಡುತ್ತಿದ್ದರು. ಎರಡರ ನಡುವೆ ವಿಷಯ ಎಲ್ಲೋ ಬಿದ್ದುಹೋಗುತ್ತಿತ್ತು. ಹಾಗಾಗಿ ಯಾರಿಗೂ ಅವರ ಮೇಲೆ ಸಿಟ್ಟಿರಲಿಲ್ಲ. ಬೆಳಗಾದರೆ ಜಗಲಿ ತುಂಬ ಜನ. ನನ್ನ ಕಾಫಿಪುಡಿ ಡಬ್ಬದ ತಳ ಕಾಣಿಸುವುದೇ ಅವರ ಜನಪ್ರಿಯತೆಯ ಗುರುತು.

ಅದು ನಕ್ಸಲರ ಕಾಲ. ಕಾಡಿನಲ್ಲಿ ಸೊಪ್ಪು ಅಲುಗಿದರೆ ಜಮೀನ್ದಾರರು ಬಾಗಿಲು ಹಾಕಿಕೊಳ್ಳುತ್ತಿದ್ದರು, ಪೊಲೀಸರು ಜೀಪು ಹತ್ತುತ್ತಿದ್ದರು. ನಮ್ಮ ಯಜಮಾನರೋ, ಗಡ್ಡ ಕಂಡರೆ ಪೊಲೀಸರಿಗೆ ಅನುಮಾನ ಬಂದೀತೆಂದು ಸಂಜೆಗೂ ಒಮ್ಮೆ ಕ್ಷೌರ ಮಾಡಿಕೊಳ್ಳುವಷ್ಟು ಧೈರ್ಯಶಾಲಿ.

ಅಂಥ ದಿನಗಳಲ್ಲಿ ಒಬ್ಬ ದೊಡ್ಡ ಜಮೀನ್ದಾರರ ಬೀಳುಗುಡ್ಡದ ಮೇಲೆ ಕನ್ನಡ ಬೆರೆತ ಮಾತಾಡುವ ಬುಡಕಟ್ಟಿನ ಕಾಡುನಾಯ್ಕರ ಕೆಲವು ಮನೆಯವರು ಗುಡಿಸಲು ಹಾಕಿದರು. ಆ ಜಮೀನ್ದಾರರೇ ಯಜಮಾನರ ಪಕ್ಷದ ಆಧಾರಸ್ತಂಭ. ಪಕ್ಷದ ಮುಖಂಡರು ಇವರನ್ನು ಕರೆದು, "ನಿನಗೆ ಅವರ ಮಾತು ಬರ್ತದಲ್ಲ, ಹೋಗಿ ಎಬ್ಬಿಸು. ಮುಂದಿನ ಸಲ ಪ್ರೆಸಿಡೆಂಟು ನೀನೇ," ಎಂದರು. ಇವರು ಇಸ್ತ್ರಿ ಅಂಗಿ ತೊಟ್ಟು ಹೊರಟರು.

ಗುಡ್ಡದ ಮೇಲೆ ಮಾರಿ ಅಜ್ಜಿ ತನ್ನ ಗುಡಿಸಲಿಗೆ ಹುಲ್ಲಿನ ಮಾಡು ಏರಿಸಿದ್ದಳು. ಒಳಗೆ ಬಟ್ಟೆಯ ತೊಟ್ಟಿಲಲ್ಲಿ ಮೊಮ್ಮಗು ಮಲಗಿತ್ತು. ಇವರು "ಪ್ರಿಯ ಬಂಧುಗಳೇ" ಎನ್ನುವಷ್ಟರಲ್ಲಿ ಗಾಳಿ ಬೀಸಿ ಮಾಡು ವಾಲಿತು.

"ಭಾಸಣ ಆಮೇಲೆ ಮಾಡು ಮೆಂಬರೇ, ಮೊದ್ಲು ಈ ಕಂಬ ಹಿಡಿ!" ಎಂದು ಕೂಗಿದ ಅಜ್ಜಿ, ಬಿಗಿಯಲು ಬಳ್ಳಿ ತರುತ್ತೇನೆಂದು ಕಾಡಿನ ಕಡೆ ಓಡಿದಳು. ಇವರು ಎರಡೂ ಕೈಯಲ್ಲಿ ಕಂಬ ತಬ್ಬಿ ನಿಂತರು. ಆಗಲೇ ಪೊಲೀಸ್ ಜೀಪು ಬಂತು.

ಇನ್‌ಸ್ಪೆಕ್ಟರು ಪರಿಚಯದವರು. "ಎಂತಾ ಮೆಂಬರೇ ಇದು? ನೀವು ಇವರನ್ನ ಎಬ್ಬಿಸೋಕೆ ಬಂದವರಲ್ವಾ? ಬಿಟ್ಟು ಈಚೆ ಬನ್ನಿ," ಎಂದರು. ಅಷ್ಟರಲ್ಲಿ ಅಜ್ಜಿಯ ಸೊಸೆ ನುಗ್ಗಿ ಮಗುವನ್ನು ಎತ್ತಿಕೊಂಡಳು. ಈಗ ಕೈ ಬಿಡಬಹುದಿತ್ತು. ಇವರು ಬಿಡಲಿಲ್ಲ.

"ಕಾಣಲ್ವಾ ಸಾರೇ? ಮನೆ ಕಟ್ತಾ ಇದೀನಿ," ಎಂದುಬಿಟ್ಟರಂತೆ, ಗಾಬರಿಯಲ್ಲಿ ಕನ್ನಡದಲ್ಲೇ. ಅವರ ಜೀವನದಲ್ಲಿ ಜನರಿಗೆ ಪೂರ್ತಿ ಅರ್ಥವಾದ ಮೊದಲ ಭಾಷಣ ಅದು. ಬಳ್ಳಿ ಹೊತ್ತು ವಾಪಸು ಬಂದ ಅಜ್ಜಿಯನ್ನೂ ಇವರನ್ನೂ ಗುಡ್ಡದ ಗಂಡಸರನ್ನೂ ಒಟ್ಟಿಗೆ ಜೀಪಿಗೆ ತುಂಬಿದರು.

ಸುದ್ದಿ ಕೇಳಿ ನಾನು ಒಗೆದ ಪಂಚೆ ಹಿಡಿದು ಮಾನಂದವಾಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ. ಲಾಕಪ್ಪಿನ ಕಂಬಿ ಹಿಡಿದು, "ರೀ, ನಿಮಗೆ ಬುದ್ಧಿ ಇದೆಯಾ? ಪ್ರೆಸಿಡೆಂಟಾಗೋದು ಬಿಟ್ಟು ಇಲ್ಲಿ ಬಂದು ಕೂತಿದೀರಲ್ಲ!" ಎಂದೆ.

"ಬಿಡೋಕೆ ಮನಸ್ಸು ಬರಲಿಲ್ಲ ಕಣೇ," ಎಂದರು ಇವರು, ಮೆಲ್ಲಗೆ. "ಆ ಮುದುಕಿ ಅಷ್ಟು ದೊಡ್ಡ ಕಂಬ ಒಬ್ಬಳೇ ಹೊತ್ಕೊಂಡು ಬಂದಿದಾಳೆ."

ಪಕ್ಕದ ಕೋಣೆಯಿಂದ ಮಾರಿ ಅಜ್ಜಿಯ ದನಿ ಬಂತು: "ಬಯ್ಯಬ್ಯಾಡ ತಂಗೀ, ನಿನ್ ಗಂಡ ಕಂಬ ಚೆಂದಾಗಿ ಹಿಡಿತಾನೆ!"

ಪಂಚೆಯನ್ನು ಕಂಬಿಯ ಸಂದಿಯಿಂದ ಒಳಗೆ ತೂರಿಸಿದೆ. ಜೋಡಿಸಿದ ಬೈಗುಳವೆಲ್ಲ ಹಾಗೇ ಮಿಕ್ಕಿತು.

ಪಕ್ಷ ಇವರನ್ನು ಹೊರಹಾಕಿತು. ಮುಂದಿನ ಚುನಾವಣೆಗೆ ಒಂಟಿಯಾಗಿ ನಿಂತು ಗೆದ್ದರು. ಪ್ರೆಸಿಡೆಂಟ್ ಕುರ್ಚಿ ಕೊನೆಗೂ ಸಿಗಲಿಲ್ಲ. ಗುಡಿಸಲುಗಳು ಮಾತ್ರ ಉಳಿದವು. ಅವಕ್ಕೆ ಜಾಗದ ಪಟ್ಟಾ ಕೊಡಿಸಲು ಇವರು ವರ್ಷಗಟ್ಟಲೆ ಕಚೇರಿ ಸುತ್ತಿದರು. ಕೊನೆಗೆ ಪಟ್ಟಾ ಬಂದ ದಿನ ಅಜ್ಜಿ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದು, ಸಕ್ಕರೆ ಸಾಲದೆಂದು ಹೇಳಿಯೇ ಎದ್ದಳು.

ಒಂದು ಮಾತು ಬಾಕಿ ಉಳಿಯಿತು. ಇವರು ಲಾಕಪ್ಪಿನಲ್ಲಿದ್ದ ಆ ದಿನ ಸ್ಟೇಷನ್ನಿನ ಹೊರಗೆ ಗುಡ್ಡದ ಹೆಂಗಸರು ಸೇರಿದ್ದರು. ಮಾತಾಡಲು ಯಾರೂ ಇಲ್ಲವೆಂದು ನನ್ನನ್ನೇ ಬೆಂಚಿನ ಮೇಲೆ ಹತ್ತಿಸಿದರು. ಗಂಡನಿಗೆಂದು ಇಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಜಮೀನ್ದಾರರ ಕಡೆ ತಿರುಗಿಸಿದೆ, ಎಂಥ ಚಪ್ಪಾಳೆ! ಇವರೀಗ ರಾಜಕೀಯ ಬಿಟ್ಟು ಕಾಳುಮೆಣಸು ಒಣಗಿಸಿಕೊಂಡು ಸುಖವಾಗಿದ್ದಾರೆ. ನಾನು ಮಾತ್ರ, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ಒಟ್ಟಿಗೆ ನಿಂತಿದ್ದರೆ ಸಾಕು, ನನಗೇ ತಿಳಿಯದೆ ಸೆರಗು ಸರಿಮಾಡಿಕೊಂಡು ಕೆಮ್ಮುತ್ತೇನೆ.