ಆಪಿನಗಡ್ಡಿಯ ಅಳತೆ

ಎಲ್ಲದಕ್ಕೂ ಕಾರಣ ಬಸವಂತ್ರಾಯನ ಕಂಕುಳಲ್ಲಿದ್ದ ನೂರಡಿ ಟೇಪು. ಅದನ್ನು ಅವನು ಚೀಲದೊಳಗೆ ಹಾಕಿಕೊಂಡು ಬಂದಿದ್ದರೆ ಆಪಿನಗಡ್ಡಿಯಲ್ಲಿ ಆ ದಿನ ಏನೂ ಆಗುತ್ತಿರಲಿಲ್ಲ.

ಬಸವಂತ್ರಾಯ ಆಪಿನಗಡ್ಡಿ ಪಂಚಾಯಿತಿಯ ಗುಮಾಸ್ತ. ಮನೆ ಶಹಾಪುರದಲ್ಲಿ. ಬೆಳಗ್ಗೆ ಆರಕ್ಕೆ ಎದ್ದು ಸುರಪುರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ಕೊನೆಯ ಮೂರು ಮೈಲು ಟಂಟಂ ಆಟೋದಲ್ಲಿ ನೇತಾಡಿಕೊಂಡು ಬರಬೇಕು. ಸಂಜೆ ಇದೇ ಮೆರವಣಿಗೆ ತಿರುಗಿ. ಅವನು ಮನೆ ಮುಟ್ಟುವ ಹೊತ್ತಿಗೆ ನಾಲ್ಕು ವರ್ಷದ ಮಗಳು ಮಲಗಿರುತ್ತಿದ್ದಳು. ಭಾನುವಾರ ಅವಳು ಅವನನ್ನು ನೋಡುತ್ತಿದ್ದ ರೀತಿ, ಯಾರೋ ದೂರದ ನೆಂಟರನ್ನು ನೋಡಿದಂತಿರುತ್ತಿತ್ತು. ಹೆಂಡತಿ ಮೌನೇಶ್ವರಿ ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದಳು: "ಶಹಾಪುರಕ್ಕ ಬದಲಿ ಮಾಡಿಸ್ಕೊಳ್ರಿ."

ಆ ಬದಲಿ ಈಗ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಕೃಷ್ಣೆಯ ದಂಡೆಗೆ ಅಂಟಿಕೊಂಡ ಈ ಊರಿನ ಪಕ್ಕದಲ್ಲಿ ಮೂವತ್ತು ಎಕರೆ ಜೌಗು ನೆಲವಿದೆ. ಆಪಿನ ಹುಲ್ಲು ಆಳೆತ್ತರ ಬೆಳೆದು, ಹಕ್ಕಿಗಳು ಇಳಿದು, ಮೀನು ಮರಿ ಮಾಡುವ ಜಾಗ. ಹೊಳೆ ಉಕ್ಕಿದಾಗ ನೀರನ್ನೆಲ್ಲ ಕುಡಿದು ಊರನ್ನು ಉಳಿಸುವುದೂ ಅದೇ. ಅದನ್ನು ಯಾರೂ ಒತ್ತದಂತೆ, ಮಣ್ಣು ಸುರಿಯದಂತೆ ಗೆರೆ ಹಾಕಿ ಕಾಯುವ ಯೋಜನೆಯೊಂದು ತಯಾರಾಗಿತ್ತು. "ಜೌಗಿನಲ್ಲಿ ಒಂದು ಗುಡಿಸಲೂ ಇಲ್ಲ, ಒಂದು ಕಂಬವೂ ಇಲ್ಲ, ಪೂರ್ತಿ ಖಾಲಿ" ಎಂದು ಬಸವಂತ್ರಾಯ ತನ್ನ ಕೈಯಾರೆ ವರದಿ ಬರೆದಿದ್ದ. ಅದನ್ನು ಕಣ್ಣಾರೆ ನೋಡಲು ಯಾದಗಿರಿಯಿಂದ ಅನುರಾಧಾ ಮೇಡಂ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಅವನ ಬದಲಿ ಅರ್ಜಿಯೂ ಅವರ ಮೇಜಿನ ಮೇಲೇ ಇತ್ತು.

"ಇವತ್ತು ಬರೋಬರ್ ಆತಂದ್ರ ನಿನ್ನ ಕೆಲಸ ಆತು ಅಂತ ತಿಳ್ಕೊ" ಎಂದಿದ್ದರು ಪಿಡಿಒ ಸಾಹೇಬರು.

ಬೆಳಗ್ಗೆ ಒಂಬತ್ತಕ್ಕೆ ಟೇಪು ಕಂಕುಳಲ್ಲಿಟ್ಟುಕೊಂಡು, ಸುಣ್ಣದ ಪುಡಿಯ ಬಕೆಟ್ಟು ಹಿಡಿದು ಜೌಗಿನತ್ತ ಹೊರಟಾಗ ಮೀನಿನ ಬುಟ್ಟಿ ಹೊತ್ತ ಹಣಮಂತಮ್ಮ ಎದುರಾದಳು.

"ಏನ್ರೀ ಗುಮಾಸ್ತರ, ಟೇಪು ಹಿಡ್ಕೊಂಡು ಎಲ್ಲಿಗಿ?"

"ಹೊಳಿ ದಂಡಿ ಅಳೀಬೇಕವ್ವ. ಸಂಜಿಗೆ ದೊಡ್ಡ ಆಫೀಸರ್ ಬರ್ತಾರ, ನೋಡಿ ಬರ್ಕೊಂಡು ಹೋಗ್ತಾರ."

ಇಷ್ಟೇ ಮಾತು. ಹಣಮಂತಮ್ಮ ಬುಟ್ಟಿ ಇಳಿಸಿದಳು. ಎಂದೂ ಕೊಡದ ಅಗ್ಗದ ಬೆಲೆಗೆ ಅಷ್ಟೂ ಮೀನನ್ನು ಅಲ್ಲೇ ಇದ್ದವರಿಗೆ ಹಂಚಿದಂತೆ ಮಾರಿ, ಊರ ಕಡೆ ಓಡಿದಳು.

ಅವಳು ಓಡಿದ್ದಕ್ಕೆ ಕಾರಣವಿತ್ತು. ಹಿಂದೆ ಅಣೆಕಟ್ಟು ಕಟ್ಟಿದಾಗ ಅವಳ ಅತ್ತೆಯ ಊರು ನೀರಿನಲ್ಲಿ ಹೋಗಿತ್ತು. ಆಗಲೂ ಹೀಗೇ ಟೇಪು ಹಿಡಿದವರು ಬಂದು ಮನೆ, ಬಾವಿ, ಗಿಡ ಎಲ್ಲ ಎಣಿಸಿ, ಎಣಿಕೆಗೆ ಬಂದದ್ದಕ್ಕೆಲ್ಲ ಪರಿಹಾರ ಕೊಟ್ಟಿದ್ದರು. ಆ ದಿನ ಅತ್ತೆ ಯಾರದೋ ಮದುವೆಗೆ ಹೋಗಿದ್ದಳು. ಅವಳ ಹಿತ್ತಲಿನ ನಿಂಬೆ ಗಿಡ ಎಣಿಕೆ ತಪ್ಪಿತು. ಸಾಯುವ ತನಕ ಆ ಮುದುಕಿ ಗಂಡನಿಗಾಗಿ ಅತ್ತದ್ದಕ್ಕಿಂತ ಹೆಚ್ಚು ಆ ನಿಂಬೆ ಗಿಡಕ್ಕಾಗಿ ಅತ್ತಿದ್ದಳು. ಇಂಥದೊಂದು ಗಿಡ, ಇಲ್ಲವೆ ಒಂದು ಕೊಟ್ಟಿಗೆ, ಆ ಮುಳುಗಡೆಯಲ್ಲಿ ನೆಲ ಕಳೆದುಕೊಂಡ ಆಪಿನಗಡ್ಡಿಯ ಮನೆಮನೆಯಲ್ಲೂ ಎಣಿಕೆ ತಪ್ಪಿಹೋಗಿತ್ತು. ಟೇಪು ಕಂಡರೆ ಆ ಊರಿಗೆ ಒಂದೇ ಅರ್ಥ: ಏನಿದೆಯೋ ಅದನ್ನು ತೋರಿಸು. ಇಲ್ಲದಿದ್ದರೆ ಸಂಜೆಯೊಳಗೆ ಇರುವಂತೆ ಮಾಡು.

ಬಸವಂತ್ರಾಯ ನೂರಡಿ ಅಳೆದು, ಸುಣ್ಣ ಹಾಕಿ, ಟೇಪಿನ ತುದಿ ಬಿಡಿಸಿಕೊಳ್ಳಲು ಹಿಂದಕ್ಕೆ ಬಂದ. ತುದಿಯ ಪಕ್ಕದಲ್ಲಿ ಒಂದು ನುಗ್ಗೆ ಗಿಡ ನಿಂತಿತ್ತು. ಹೋಗುವಾಗ ಇರಲಿಲ್ಲ. ಇನ್ನೂ ನೂರಡಿ ಅಳೆದು ತಿರುಗಿದ. ಬೇವು ಎರಡು, ಬಾರಿಹಣ್ಣಿನ ಗಿಡ ಒಂದು, ಮತ್ತು ಯಾರದೋ ಅಂಗಳದ ತುಳಸಿ, ಕಟ್ಟೆಯ ಒಂದು ಇಟ್ಟಿಗೆ ಸಮೇತ.

ಹನ್ನೊಂದರ ಹೊತ್ತಿಗೆ ಊರಿಗೆ ಊರೇ ಜೌಗಿಗೆ ಇಳಿದಿತ್ತು. ಎಮ್ಮೆ ಸಾಕಿಕೊಂಡಿದ್ದ ಮುಜಫರ ನಾಲ್ಕು ಬಿದಿರು ನೆಟ್ಟು, ಮೇಲೆ ತಾಡಪತ್ರಿ ಎಳೆದು, ಒಂದು ಎಮ್ಮೆಯನ್ನು ತಂದು ಕಟ್ಟಿದ. ಮೀನುಗಾರ ದೇವು ಗುದ್ದಲಿ ಹಿಡಿದು ಬಾವಿ ತೋಡಲು ನಿಂತ. ಜೌಗು ನೆಲ, ಮೂರನೆಯ ಏಟಿಗೇ ನೀರು ಚಿಮ್ಮಿತು.

"ನೋಡ್ರಿ, ಇಂಥಾ ಬಾವಿ ಯಾರ ಹೊಲದಾಗ ಅದ?" ಎಂದು ದೇವು ಎದೆಯುಬ್ಬಿಸಿದ. "ಬರಕೊಳ್ರಿ ಸರ, ಬಾವಿ ಒಂದು."

ಹಣಮಂತಮ್ಮ ಗುಡಿಸಲನ್ನೇ ಎಬ್ಬಿಸಿದ್ದಳು. ಒಳಗೆ ಮಂಚ, ಮಂಚದ ಮೇಲೆ ಕೌದಿ, ಹೊರಗೆ ಮೂರು ಕಲ್ಲಿನ ಒಲೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

"ಏನಿದವ್ವ ಇದು?" ಬಸವಂತ್ರಾಯನ ದನಿ ಕೀರಲಾಯಿತು.

"ನಮ್ಮನಿ. ಹಿಂದಿಲಿಂದ ಇಲ್ಲೇ ಅದೀವಲ್ಲ."

"ಬೆಳಗ್ಗೆ ಇರ್ಲಿಲ್ಲಲ್ಲ!"

"ನೀವು ಟೇಪು ನೋಡಾಕತ್ತಿದ್ರಿ. ನಮ್ಮನ್ನ ಯಾಕ ನೋಡ್ತೀರಿ?"

ಅವನು ಸುಣ್ಣದ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತ. "ಕೇಳ್ರಿ ಎಲ್ಲಾರೂ! ಇದು ಮುಳುಗಡಿ ಸರ್ವೆ ಅಲ್ಲ. ಜೌಗು ಉಳಿಸೂ ಯೋಜನೆ. ಯಾರಿಗೂ ಏನೂ ಸಿಗೂದಿಲ್ಲ!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ಅವಾಗೂ ಹಿಂಗ ಅಂದಿದ್ರು" ಎಂದ ಮುಜಫರ. "ಏನೂ ಸಿಗೂದಿಲ್ಲ ಅಂತ ಅಂದಕೂಡ್ಲೆ ಸಿಗ್ತದ ಅಂತ ಖಾತ್ರಿ."

ಬಸವಂತ್ರಾಯ ದಾರಿ ಬದಲಿಸಿದ. "ಜೌಗಿನಾಗ ಏನ ಗಿಡ ಹಚ್ಚಿದ್ರೂ ಕೇಸು ಆಗ್ತದ, ಗೊತ್ತದನು?"

ಒಂದು ಕ್ಷಣ ಎಮ್ಮೆಯೂ ಮೆಲುಕು ನಿಲ್ಲಿಸಿತು. ಹಣಮಂತಮ್ಮ ಸೌಟು ಒಲೆಯ ಕಲ್ಲಿಗೆ ಕುಟ್ಟಿ ಹೇಳಿದಳು: "ಕೇಸು ಆದ್ರ ಆಗ್ಲಿ. ಹಚ್ಚಾಕ ಹೇಳಿದವ್ರು ಗುಮಾಸ್ತರ ಅಂತ ಎಲ್ಲಾರೂ ಒಂದ ಮಾತು ಹೇಳೂಣು."

"ಹೌದೌದು" ಎಂದಿತು ಜನ. ಗ್ರಾಮಸಭೆಯಲ್ಲಿ ಯಾವ ಠರಾವಿಗೂ ಇಷ್ಟು ಒಮ್ಮತ ಬಂದಿರಲಿಲ್ಲ.

ಉಳಿದದ್ದು ತೋಳ್ಬಲ. ಅವನು ಹತ್ತಿರದಲ್ಲಿ ಗಿಡವೆಂದು ನೆಟ್ಟಿದ್ದ ಬೇವಿನ ಟೊಂಗೆಯನ್ನು ಹಿಡಿದು ಎಳೆದ. ಟೊಂಗೆ ಬಂತು, ಜೊತೆಗೆ ಅವನು ತೊಡೆಯ ತನಕ ಕೆಸರಿಗೆ ಹೋದ. ದೇವು ಮತ್ತು ಮುಜಫರ ಅವನ ಟೇಪನ್ನೇ ಸೊಂಟಕ್ಕೆ ಸುತ್ತಿ, ಹೈಸ್ಸಾ ಎಂದು ಮೇಲಕ್ಕೆಳೆದರು. ಒಂದು ಚಪ್ಪಲಿ ಕೆಳಗೇ ಉಳಿಯಿತು. ಅವನನ್ನು ಎಳೆಯುವಷ್ಟರಲ್ಲಿ ಟೊಂಗೆ ಮತ್ತೆ ತನ್ನ ಜಾಗದಲ್ಲಿ ನಿಂತಿತ್ತು.

ಆಗಲೇ ಪಿಡಿಒ ಸಾಹೇಬರ ಫೋನು. "ಎಲ್ಲಿ ಅದೀಯೋ? ಜೌಗು ಹೆಂಗದ?"

"ತುಂಬ್ಯಾದ್ರಿ ಸರ" ಎಂದ ಬಸವಂತ್ರಾಯ, ಸಣ್ಣಗೆ.

"ಭಾಳ ಛಲೋ. ತುಂಬಿದ್ರ ನೋಡಾಕ ಚಂದ. ಮೇಡಮ್ಮಾರು ಸುರಪುರ ದಾಟ್ಯಾರ."

ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಜೀಪು ಬಂತು. ಅನುರಾಧಾ ಮೇಡಂ ಇಳಿದರು. ಗುಡಿಸಲು ನೋಡಿದರು, ಬಾವಿ ನೋಡಿದರು, ಕಣ್ಣು ಹಾಯುವ ತನಕ ನಿಂತ ಗಿಡಗಳನ್ನು ನೋಡಿದರು. ಮುಜಫರನ ತಾಡಪತ್ರಿಯ ಮೇಲೆ ಎರಡು ಬೆಳ್ಳಕ್ಕಿ ಕುಳಿತಿದ್ದವು. ಮೇಡಂ ತಮ್ಮ ಕೈಲಿದ್ದ ವರದಿಯನ್ನು ಇನ್ನೊಮ್ಮೆ ಓದಿದರು.

"ಇದನ್ನೆಲ್ಲ ಮಾಡಿಸಿದವರು ಯಾರು?"

ಅರವತ್ತು ಬೆರಳುಗಳು ಒಟ್ಟಿಗೆ ಬಸವಂತ್ರಾಯನ ಕಡೆ ತಿರುಗಿದವು. ಅವನು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಶಹಾಪುರದ ಬಸ್ಸು ಅವನನ್ನು ಬಿಟ್ಟು ಹೊರಟೇಹೋಯಿತು.

"ಹನ್ನೊಂದು ಊರು ತಿರುಗೇನಿ" ಎಂದರು ಮೇಡಂ. "ಹೊಳಿ ದಂಡಿ ಉಳಿಸ್ರಿ, ಒಂದು ಸಸಿ ಹಚ್ಚ್ರಿ ಅಂತ ಕೈ ಮುಗದೇನಿ. ಒಬ್ಬರೂ ಬರಲಿಲ್ಲ. ಇಲ್ಲಿ ನಾವು ಹೇಳೂಕ್ಕಿಂತ ಮೊದಲ ಊರಿಗೂರ ಇಳದದ! ಹಕ್ಕಿಗಿ ನೀರಿನ ಹೊಂಡ, ಕಾಯಾಕ ಗುಡಿಸಲು! ಖಾಲಿ ಅಂತ ಬರದು ನಮ್ಮನ್ನ ಬೆರಗು ಮಾಡಿದ್ರೇನ್ರಿ?"

ಬಸವಂತ್ರಾಯ ಒಂದು ಕಣ್ಣು ತೆರೆದ. "ಮೇಡಂ, ಖರೇ ಹೇಳಬೇಕಂದ್ರ..."

ಹಣಮಂತಮ್ಮ ಅವನ ಬರಿಗಾಲನ್ನು ತನ್ನ ಹಿಮ್ಮಡಿಯಿಂದ ಒತ್ತಿ ಹಿಡಿದಳು. "ಖರೇ ಹೇಳಬೇಕಂದ್ರ ಅವ್ವಾ, ನಮ್ಮ ಗುಮಾಸ್ತರು ಕೆಸರಿನಾಗ ತಾವ ಇಳಿದು ಗಿಡ ಹಿಡದಾರ. ಕಾಲು ನೋಡ್ರಿ."

ಮೇಡಂ ಕಾಲು ನೋಡಿದರು. ಫೋಟೊ ತೆಗೆಸಿದರು. ಆಮೇಲೆ ಹುಕುಂ ಹೊರಟಿತು: ಎಮ್ಮೆಯ ಕೊಟ್ಟಿಗೆ ಬೇಡ, ತೆಗೆಯಬೇಕು, ಗಿಡಗಳು ಜೌಗಿನ ಒಳಗೆ ಬೇಡ, ನಾಳೆಯೇ ಎಲ್ಲರೂ ಸೇರಿ ಸುಣ್ಣದ ಗೆರೆಯ ಹೊರಗೆ ದಂಡೆಯ ಉದ್ದಕ್ಕೂ ಹಚ್ಚಬೇಕು.

ಮುಜಫರ ಬಗ್ಗಿ ಮೆಲ್ಲಗೆ ಕೇಳಿದ: "ಎಣಿಕಿ ಯಾವಾಗ್ರಿ ಮೇಡಮ್ಮಾ?"

"ಬರೂ ವರ್ಷ. ಯಾರ ಗಿಡ ಬದುಕ್ಯಾದ, ಯಾರದು ಒಣಗ್ಯಾದ ಅಂತ ನಾನ ಬಂದು ಎಣಸ್ತೀನಿ. ಅಲ್ಲೀತನಕ ದಿನಾ ನೀರು ಹಾಕೂದು ನಿಮ್ಮ ಜವಾಬ್ದಾರಿ."

ಮುಜಫರ ಎಮ್ಮೆಯ ಹಗ್ಗ ಬಿಚ್ಚತೊಡಗಿದ.

ಬಸವಂತ್ರಾಯನಿಗೆ ಮಾತ್ರ ಮೈಯೆಲ್ಲ ರೆಕ್ಕೆ ಬಂದಿತ್ತು. ಕೆಸರು ಒರೆಸಿಕೊಂಡು ಮುಂದೆ ಬಂದ. "ಮೇಡಂ, ನನ್ನ ಶಹಾಪುರದ ಬದಲಿ ಅರ್ಜಿ..."

"ಜೀಪಿನಾಗ ಅದ. ಇವತ್ತ ಸಹಿ ಹಾಕಾಕ ಅಂತ ತಂದೀನಿ."

ಫೈಲು ಬಂತು. ಪೆನ್ನಿನ ಮುಚ್ಚಳ ತೆರೆಯಿತು. ಮೇಡಂ ಅರ್ಜಿಯ ಮೇಲೆ ಮೂಲೆಯಿಂದ ಮೂಲೆಗೆ ಉದ್ದವಾಗಿ ಒಂದು ಗೆರೆ ಎಳೆದರು.

"ನೀವು ಬರದಂಗ ಈ ಬಯಲು ಖಾಲಿ ಇದ್ದಿದ್ರ ಸಹಿ ಹಾಕಿ ಕಳಸ್ತಿದ್ದೆ. ಇಷ್ಟು ಜನರನ್ನ ಕೂಡಿಸಿದ ಮನಷ್ಯಾನ್ನ ಹೆಂಗ ಬಿಡೂದು? ಐದು ವರ್ಷದ ಯೋಜನೆ, ಮುಗಿಯೂತನಕ ಇದರ ಉಸ್ತುವಾರಿ ನಿಮ್ಮದ. ದಿನಾ ಹೋಗಿ ಬರೂದು ತ್ರಾಸ ಅಂತ ಬರದೀರಿ. ಆ ಗುಡಿಸಲನಾಗ ಇರ್ರಿ. ಮಂಚನೂ ಅದ."

ಜೀಪು ಹೋಯಿತು. ಹಣಮಂತಮ್ಮ ಕೌದಿ ಝಾಡಿಸಿ ಮಂಚದ ಮೇಲೆ ಸರಿಯಾಗಿ ಹಾಸಿದಳು. "ಊಟದ ಚಿಂತಿ ಬಿಡ್ರಿ. ಸಾರು ತಯಾರದ."

ಅಷ್ಟರಲ್ಲಿ ಮೌನೇಶ್ವರಿಯ ಫೋನು. "ಏನಾತ್ರಿ? ಆರ್ಡರ್ ಆತಾ?"

"ಆತು" ಎಂದ ಬಸವಂತ್ರಾಯ, ಮಂಚದ ಅಂಚಿಗೆ ಕುಳಿತು. "ಇನ್ನ ಮ್ಯಾಲ ದಿನಾ ಬಸ್ಸಿನ ತ್ರಾಸ ಇಲ್ಲ. ಆದ್ರ ಮೌನೇಶ್ವರಿ..."

"ಅಯ್ಯ, ನನಗ ಗೊತ್ತಿತ್ತು!" ಎಂದು ಅವಳು ಕೂಗಿದಳು. ಪಕ್ಕದ ಮನೆಯವರಿಗೆ ಸಕ್ಕರೆ ಹಂಚಲು ಅವಸರವಾಗಿ ಫೋನು ಇಟ್ಟೇಬಿಟ್ಟಳು.