ಬೆಳ್ಗೊಡೆಯಡಿಯ ಮಳೆಮಾಪಕ

ಬಹಳ ಹಿಂದೆ, ಅಂದರೆ ಯಾರೂ ಕೇಸು ಹಾಕಲಾರದಷ್ಟು ಹಿಂದೆ, ಒಂದು ರಾಜ್ಯವಿತ್ತು. ಛತ್ರಕೇತು ಮಹಾರಾಜರು ಆಳುತ್ತಿದ್ದರು. ಆಳಿಸಿಕೊಳ್ಳುವ ಕೆಲಸ ಜನರದು.

ಪರದೇಶದ ಪಂಡಿತನೊಬ್ಬ ಅವರಿಗೆ ಮಳೆಮಾಪಕವೊಂದನ್ನು ಕಾಣಿಕೆ ಕೊಟ್ಟ. ತಾಮ್ರದ ಡಬ್ಬಿ, ಮೇಲೊಂದು ಆಲಿಕೆ, ಒಳಗೆ ಗೆರೆ ಹಾಕಿದ ಶೀಸೆ. "ಬಯಲಲ್ಲಿಡಿ, ಎಷ್ಟು ಮಳೆ ಬಿತ್ತೆಂದು ಹೇಳುತ್ತದೆ" ಎಂದು ತನ್ನ ದಾರಿ ಹಿಡಿದ. ಅಂಗಳದಲ್ಲಿಟ್ಟು ರಾಜಮುದ್ರೆ ಒತ್ತಿದರು. ಅಲ್ಲಿಗೆ ಪ್ರೋಟೋಕಾಲ್ ಅಡ್ಡ ಬಂತು. ರಾಜಮುದ್ರೆ ಹೊತ್ತ ಯಾವುದೂ ಬೆಳ್ಗೊಡೆಯಿಲ್ಲದೆ ಬಯಲಲ್ಲಿ ನಿಲ್ಲಕೂಡದು, ಅಜ್ಜನ ಕಾಲದ ಕಟ್ಟಳೆ. ಸರಿ, ಭಟನೊಬ್ಬ ಬಿಳಿ ಕೊಡೆ ಹಿಡಿದು ನಿಂತ. ಬಹಳ ನಿಷ್ಠಾವಂತ, ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ.

ಆ ವರ್ಷ ಮಳೆ ಹಿಡಿಯಿತು ನೋಡಿ, ಹೊಳೆ ತಗ್ಗಿನಕೇರಿಗೆ ನುಗ್ಗಿತು. ಬೆಲ್ಲ ಕಾಯಿಸಿ ಬದುಕುವ ತಿಪ್ಪವ್ವ ಈಜಿಕೊಂಡು ಆಸ್ಥಾನಕ್ಕೆ ಬಂದಳು.

"ಯಪ್ಪಾ, ನಮ್ಮತ್ತಿ ಮಾಳಿಗಿ ಮ್ಯಾಲ ಕುಂತಾಳ್ರಿ. ಗ್ವಾಡಿ ನೆನದು ಕುಸ್ಯಾಕ ಹತ್ಯಾವ. ಒಂದ್ ದೋಣಿ ಕಳಸ್ರಿ."

ಮಹಾಮಂತ್ರಿ ಸ್ತುತಿವರ್ಧನರು ಕೊಡೆ ಹಿಡಿದ ಭಟನ ಸಮೇತ ಮಾಪಕ ತರಿಸಿ ನೋಡಿದರು. "ಸೊನ್ನೆ, ಪ್ರಭೂ. ಡೇಟಾ ಪ್ರಕಾರ ಇದು ಬರಗಾಲ."

"ಹಂಗಾರ ನಾ ಯಾಕ ತೊಯ್ದೀನ್ರಿ?"

"ಅದು ನಿನ್ನ ವೈಯಕ್ತಿಕ ವಿಚಾರ, ತಾಯಿ."

"ಅದನ್ನ ಹೊರಗಿಟ್ಟು ಆ ಛತ್ರಿ ಒಂದ್ ಗಳಿಗಿ ಸರಸ್ರಿ ಮತ್ತ!"

ಆಸ್ಥಾನ ಬೆಚ್ಚಿತು. ಬೆಳ್ಗೊಡೆ ಸರಿಸುವುದೆ! ಮಹಾರಾಜರ ಕಣ್ಣು ಮಾತ್ರ ತುಂಬಿ ಬಂತು. "ನಮ್ಮ ರಾಜ್ಯಕ್ಕೆ ಬರವೇ? ನಾವೇ ಹೋಗಿ ನೋಡುತ್ತೇವೆ. ದೋಣಿ ತನ್ನಿ."

ಬರ ವೀಕ್ಷಣೆಗೆ ರಾಜದೋಣಿ ಹೊರಟಿತು. ಮಹಾರಾಜರು, ಮಂತ್ರಿಗಳು, ಕಹಳೆಯವರು. ಉಳಿದ ಒಂದೇ ಜಾಗದಲ್ಲಿ ಮೆತ್ತೆಯ ಮೇಲೆ ಮಳೆಮಾಪಕ. ಮಾಳಿಗೆಯ ಮೇಲಿದ್ದ ಮುದುಕಿ ಎರಡೂ ಕೈ ಬೀಸಿ ಕೂಗಿದಳು.

"ಏನಂತೆ ಅವಳದು?" ಎಂದರು ಮಹಾರಾಜರು.

"ಮಳೆ ಬೇಡುತ್ತಿದ್ದಾಳೆ, ಪ್ರಭೂ. ಎಂಥ ಭಕ್ತಿ!"

ಮಹಾರಾಜರೂ ಕೈ ಬೀಸಿದರು. ದೋಣಿ ಮುಂದೆ ಹೋಯಿತು.

ಈಜಿಕೊಂಡೇ ಮನೆಗೆ ಮರಳಿದ ತಿಪ್ಪವ್ವ ಬೆಲ್ಲ ಕಾಯಿಸುವ ತಾಮ್ರದ ಕೊಪ್ಪರಿಗೆಯನ್ನೇ ನೀರಿಗೆ ತೇಲಿಬಿಟ್ಟು, ಅತ್ತೆಯನ್ನು ಅದರಲ್ಲಿ ಇಳಿಸಿ ತಳ್ಳಿಕೊಂಡು ಹೊರಟಳು.

"ನನ್ನನ್ನ ಕೊಪ್ಪರಿಗ್ಯಾಗ ಹಾಕಾಕ ಎಷ್ಟ ವರ್ಷದಿಂದ ಕಾಯಾಕತ್ತಿದ್ದಿ?" ಎಂದಳು ಅತ್ತೆ.

"ಸುಮ್ನ ಕುಂದ್ರತ್ತಿ, ಬುಡ ಅಲಗತೈತಿ."

ದಡ ಮುಟ್ಟಿದರೆ ಅಲ್ಲಿ ರಾಜಭಟರು. ಇಬ್ಬರ ಸೀರೆಯಿಂದಲೂ ನೀರು ಸೋರುತ್ತಿತ್ತು. ಬರಗಾಲದಲ್ಲಿ ನೀರು ಪೋಲು ಮಾಡಿದ್ದಕ್ಕೆ ಕೊಪ್ಪರಿಗೆ ಜಪ್ತಿಯಾಯಿತು. ಅದನ್ನು ಕರಗಿಸಿ ಮಳೆಮಾಪಕಕ್ಕೆ ಒಂದು ಕಿರೀಟ ಮಾಡಿಸಿದರು, 'ಸತ್ಯವಾದಿ' ಎಂಬ ಬಿರುದನ್ನೂ ಕೊಟ್ಟರು. ಕಿರೀಟ ಅದರ ಬಾಯಿಗೆ ಮುಚ್ಚಳದಂತೆ ಭದ್ರವಾಗಿ ಕೂತಿತು.

ಸಮಾರಂಭದ ಖರ್ಚಿಗೆ ಬರದ ಸೆಸ್ಸು ಬಿತ್ತು. ತಗ್ಗಿನಕೇರಿಯವರು ಈಜಿಕೊಂಡು ಬಂದು ಕಟ್ಟಿ ಹೋದರು.