ಹನ್ನೊಂದಕ್ಕೆ ಒಂದರ ಪಿಸ್ಟನ್ ಹಾಕಿಸಿದ ಮಹನೀಯರಿಗೆ

‘ವೇಗವಾಣಿ’ ಯೂಟ್ಯೂಬ್ ಚಾನೆಲ್ಲಿನ ಸಂಸ್ಥಾಪಕರೂ, ಅದೇ ಹೆಸರಿನ ಬಿಡಿಭಾಗಗಳ ಅಂಗಡಿಯ ಮಾಲೀಕರೂ, ಟರ್ಬೊ ಕಾರುಗಳ ಸಕಲ ರೋಗಗಳಿಗೆ ಕೂತಲ್ಲಿಂದಲೇ ಮದ್ದು ಹೇಳುವವರೂ ಆದ ಶ್ರೀ ನಿರಂಜನ್ ಅವರ ಸನ್ನಿಧಿಗೆ,

ಮಾನ್ಯರೇ,

ಹಿರಿಯೂರಿನ ನಿವಾಸಿಯೂ ಚಿತ್ರದುರ್ಗದ ಪದವಿಪೂರ್ವ ಕಾಲೇಜೊಂದರ ಭೌತಶಾಸ್ತ್ರ ಉಪನ್ಯಾಸಕಿಯೂ ಆದ ಯಮುನಾ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ನಿನ್ನೆಯ ವಿಡಿಯೊ ನೋಡಿ ತಿಳಿದುಕೊಂಡೆ. ಇಲ್ಲಿಯೂ ಎಲ್ಲರೂ ಕ್ಷೇಮ. ನನ್ನ ಕಾರಿನ ಮೂರನೇ ಸಿಲಿಂಡರ್ ಮಾತ್ರ ಈಗಷ್ಟೇ ಚೇತರಿಸಿಕೊಳ್ಳುತ್ತಿದೆ.

ಲಕ್ಷಾಂತರ ಅಭಿಮಾನಿಗಳ ನಡುವೆ ತಮಗೆ ನನ್ನ ನೆನಪಿರಲಾರದು. ನನ್ನದು ಎಂಟು ವರ್ಷ ಹಳೆಯ ಟರ್ಬೊ ಪೆಟ್ರೋಲ್ ಕಾರು. ದಿನವೂ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಹೋಗಿಬರುವ ನನಗೆ ಅದರ ಮೇಲೆ ಮನುಷ್ಯರ ಮೇಲಿರುವುದಕ್ಕಿಂತ ಸ್ವಲ್ಪ ಹೆಚ್ಚೇ ಪ್ರೀತಿ. ಕಳೆದ ಮಾರ್ಚಿನಲ್ಲಿ ಅದು ಹೊಗೆ ಉಗುಳತೊಡಗಿದಾಗ, ಹುಳಿಯಾರು ರಸ್ತೆಯಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿರುವ ಗೊಲ್ಲಪ್ಪನವರು ಎಂಜಿನ್ ಬಿಚ್ಚಿ, ಹೊಸ ಪಿಸ್ಟನ್ ಹಾಕಬೇಕೆಂದರು. ಹೇಗೂ ಬಿಚ್ಚಿದ್ದಾಗಿದೆ, ಇನ್ನಷ್ಟು ಬಲ ತುಂಬಿಸಬಾರದೇಕೆ ಎಂಬ ಆಸೆ ಹುಟ್ಟಿ ನಾನು ತಮ್ಮನ್ನು ಆಶ್ರಯಿಸಿದೆ. ಕಾರಿನ ಜಾತಕ, ನಮ್ಮ ಬಂಕುಗಳಲ್ಲಿ ಸಿಗುವ ಸಾಧಾರಣ ಪೆಟ್ರೋಲು, ನಮ್ಮ ಏಪ್ರಿಲ್ ಬಿಸಿಲು ಎಲ್ಲವನ್ನೂ ಎರಡು ಪುಟ ಬರೆದು ಕಳಿಸಿದೆ. ತಾವು ಅದನ್ನು ಓದಿ, ಆಲೋಚಿಸಿ, ಅರ್ಧ ನಿಮಿಷದೊಳಗೆ ಉತ್ತರಿಸಿದಿರಿ: ‘ಹನ್ನೊಂದಕ್ಕೆ ಒಂದು ಹಾಕಿಸಿ ಮೇಡಂ. ಕಾರು ಹಾರುತ್ತೆ.’

ಅಂದರೆ, ಕಾರು ತಯಾರಿಸಿದವರು ಸಿಲಿಂಡರಿನ ಗಾಳಿಯನ್ನು ಒಂಬತ್ತರಲ್ಲಿ ಒಂದು ಪಾಲಿಗೆ ಒತ್ತುವ ಪಿಸ್ಟನ್ ಇಟ್ಟಿದ್ದರೆ, ತಾವು ಹನ್ನೊಂದರಲ್ಲಿ ಒಂದು ಪಾಲಿಗೆ ಒತ್ತುವುದನ್ನು ದಯಪಾಲಿಸಿದಿರಿ. ತಮ್ಮ ಅಂಗಡಿಯಿಂದ ತರಿಸಿದ ಡಬ್ಬಿಯನ್ನು ತೆರೆದು ನೋಡಿದ ಗೊಲ್ಲಪ್ಪನವರು ಅದನ್ನು ಮತ್ತೆ ಮುಚ್ಚಿದರು.

‘ಬ್ಯಾಡ ಮೇಡಂ. ಟರ್ಬೊ ಮೊದ್ಲೇ ಗಾಳೀನ ಒತ್ತಿ ಕಳಿಸ್ತೈತೆ. ಒಳಗೆ ಇದು ಇನ್ನೂ ಒತ್ತಿದ್ರೆ ಪೆಟ್ರೋಲು ಕಿಡಿ ಬರೋಗಂಟ ಕಾಯಲ್ಲ, ತಾನೇ ಹತ್ಕಂತೈತೆ.’

ಒತ್ತಿದ ಅನಿಲ ಬಿಸಿಯಾಗುತ್ತದೆಂದು ಹದಿನಾಲ್ಕು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದಿರುವ ನಾನು, ‘ಕಾಲ ಬದಲಾಗಿದೆ, ನೀವೂ ಸ್ವಲ್ಪ ವಿಡಿಯೊ ನೋಡಿ’ ಎಂದು ಅವರಿಗೆ ಬುದ್ಧಿ ಹೇಳಿದೆ. ‘ಕಾರು ನಿಮ್ದು, ಹಾಕು ಅಂದ್ರೆ ಹಾಕ್ತೀನಿ. ಟರ್ಬೊ ಒತ್ತಡನಾರ ಕಮ್ಮಿ ಮಾಡಾಣ’ ಎಂದರು. ತಮ್ಮನ್ನು ಕೇಳಿದೆ. ಒತ್ತಡ ಇಳಿಸುವುದು ಹೇಡಿಗಳ ಕೆಲಸವೆಂದು ಅಪ್ಪಣೆಯಾಯಿತು. ಹೇಡಿಯಾಗಲು ನನಗೂ ಮನಸ್ಸಿರಲಿಲ್ಲ.

ಮೊದಲ ವಾರ ಕಾರು ನಿಜಕ್ಕೂ ಹಾರಿತು, ಸುಳ್ಳು ಹೇಳಲಾರೆ. ಎರಡನೆಯ ವಾರ ನನ್ನ ತಾಯಿ ಬಸಮ್ಮನವರನ್ನು ಕಣ್ಣಿನ ವೈದ್ಯರಿಗೆ ತೋರಿಸಲು ಚಿತ್ರದುರ್ಗಕ್ಕೆ ಕರೆದುಕೊಂಡು ಹೊರಟಾಗ, ಅವರು ಕಿವಿಗೊಟ್ಟು ಕೇಳಿ, ‘ಯಮುನಾ, ಬಾಣಲೇಲಿ ಕಡ್ಲೆ ಹುರಿದಂಗೆ ಸದ್ದು ಬರ್ತೈತಲ್ಲೇ’ ಎಂದರು. ಆ ಸದ್ದಿನ ಬಗ್ಗೆ ನಾನು ಹಿಂದಿನ ದಿನವೇ ತಮಗೆ ಬರೆದಿದ್ದೆ; ‘ಅದು ಶಕ್ತಿಯ ಸಂಗೀತ’ ಎಂದು ತಾವು ತಿಳಿಸಿದ್ದಿರಿ. ತಾಯಿಗೂ ಹಾಗೆಯೇ ತಿಳಿಸಿದೆ. ಸಂಗೀತಜ್ಞಾನವಿಲ್ಲದ ಅವರು ಸೀಟ್ ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿಕೊಂಡರು.

ಐಮಂಗಲ ದಾಟಿದ ಮೇಲೆ, ಒಂದು ಟ್ಯಾಂಕರನ್ನು ಹಿಂದಿಕ್ಕಲು ಬಲಗಡೆಯ ಸಾಲಿಗೆ ಹೋಗಿ ಕಾಲೊತ್ತಿದಾಗ, ಒಳಗೆ ಸುತ್ತಿಗೆಯಿಂದ ಹೊಡೆದಂತಾಗಿ ಎಂಜಿನ್ ಸತ್ತಿತು. ಎಡಕ್ಕೆ ಟ್ಯಾಂಕರು, ಹಿಂದೆ ಹಾರನ್ ಬಾರಿಸುತ್ತ ಬರುತ್ತಿದ್ದ ಲಾರಿ, ಗಾಜಿನ ತುಂಬ ನಮ್ಮದೇ ಹೊಗೆ. ಲಾರಿಯವನು ಕಡೆ ಗಳಿಗೆಯಲ್ಲಿ ಪಕ್ಕಕ್ಕೆ ಎಳೆದುಕೊಂಡು, ನಮ್ಮ ಕನ್ನಡಿಯನ್ನಷ್ಟೇ ಕಿತ್ತುಕೊಂಡು ಹೋದ. ಕಾರನ್ನು ಹೇಗೋ ರಸ್ತೆಯಂಚಿಗೆ ಉರುಳಿಸಿದೆ. ತಾಯಿ ಕೆಳಗಿಳಿದು ಕಲ್ಲೊಂದರ ಮೇಲೆ ಕೂತು ನೀರು ಕೇಳಿದರು; ಬಾಟಲಿ ಕೊಟ್ಟರೆ ಹಿಡಿಯಲಾಗಲಿಲ್ಲ. ನಾನೇ ಕುಡಿಸಿದೆ.

ಚಿತ್ರದುರ್ಗದಲ್ಲಿ ಎಂಜಿನ್ ಬಿಚ್ಚಿಸಿ, ಒಡೆದ ಪಿಸ್ಟನ್ನಿನ ಚಿತ್ರ ಕಳಿಸಿ ವಾರಂಟಿ ಕೋರಿದ ನನಗೆ ತಮ್ಮ ಸಂಸ್ಥೆಯಿಂದ ಬಂದ ಉತ್ತರ ಭಾಷೆಯ ದೃಷ್ಟಿಯಿಂದ ಸರಳ, ಸುಂದರ: ‘ಗ್ರಾಮೀಣ ಮೆಕ್ಯಾನಿಕ್ ಮಾಡಿದ ಫಿಟ್ಟಿಂಗ್ ದೋಷ.’ ಅದನ್ನೂ ನಂಬಿದೆ. ನೇರವಾಗಿ ಗ್ಯಾರೇಜಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರು, ‘ನನ್ನ ತಾಯಿಯನ್ನು ಕೊಂದೇ ಬಿಡುತ್ತಿದ್ದಿರಿ’ ಎಂದು ಕೂಗಾಡಿದೆ. ಗೊಲ್ಲಪ್ಪನವರು ಬಟ್ಟೆಯಲ್ಲಿ ಕೈಯ ಗ್ರೀಸು ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿ, ‘ಅಮ್ಮಾರು ಹೆಂಗವ್ರೆ ಈಗ?’ ಎಂದರು. ನಾನು ಮನೆಗೆ ಬಂದು ಅವರ ಹೆಸರು, ಗ್ಯಾರೇಜಿನ ವಿಳಾಸ ಸಮೇತ ತಮ್ಮ ವಿಡಿಯೊದ ಕೆಳಗೆ ದೂರು ಬರೆದೆ. ತಾವು ಅದನ್ನು ಎಲ್ಲರಿಗೂ ಕಾಣುವಂತೆ ಎಲ್ಲಕ್ಕಿಂತ ಮೇಲೆ ಅಂಟಿಸಿ, ಕೈಮುಗಿದ ಚಿತ್ರವನ್ನೂ ಹಾಕಿದಿರಿ. ಆ ನಾಲ್ವರು ಗಿರಾಕಿಗಳಲ್ಲಿ ಇಬ್ಬರು ಅದೇ ವಾರ ಕಾರುಗಳನ್ನು ಬೇರೆ ಗ್ಯಾರೇಜಿಗೆ ಒಯ್ದರು.

ಎಂಜಿನ್ನಿನ ಬ್ಲಾಕನ್ನು ಮತ್ತೆ ಬೋರ್ ಮಾಡಿಸಲು, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ ನುಣುಪಾಗಿಸಲು, ನಾನೇ ಚಿತ್ರದುರ್ಗದ ಏಕನಾಥಮ್ಮನವರ ಲೇತ್ ಅಂಗಡಿಗೆ ಕೊಂಡೊಯ್ದೆ. ಗೊಲ್ಲಪ್ಪನವರು ಪಿಸ್ಟನ್ ಕೂರಿಸುವ ಮುನ್ನ ಅಳತೆ ಹಿಡಿದು ಕೊಟ್ಟವರು ಇವರೇ. ಒಡೆದ ಪಿಸ್ಟನ್ನನ್ನು ಬೆಳಕಿಗೆ ಹಿಡಿದು, ‘ಸಂದು ಕೂದ್ಲೆಳೆಯಷ್ಟೂ ತಪ್ಪಿಲ್ಲ, ನಾನೇ ಅಳ್ದಿದ್ದೀನಿ. ಅಂಚು ನೋಡ್ರಿ, ಇಲಿ ಕಡ್ದಂಗೈತೆ. ಒಳಗೆ ಹೊತ್ತಿಗೆ ಮುಂಚೆ ಸಿಡ್ದು ಸಿಡ್ದು ಒಡೆದಿರೋದು ಇದು. ಟರ್ಬೊ ಕಾರಿಗೆ ಇದ್ನ ಹಾಕ್ರಿ ಅಂದ ಪುಣ್ಯಾತ್ಮ ಯಾರು?’ ಎಂದು ಕೇಳಿದರು. ಭೌತಶಾಸ್ತ್ರದ ಉಪನ್ಯಾಸಕಿ ಬೋರಿನ ಕೂಲಿ ಎಷ್ಟೆಂದು ಕೇಳಿದಳು.

ಮಾರನೆಯ ದಿನ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಗೊಲ್ಲಪ್ಪನವರ ಕ್ಷಮೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಸ್ಟೂಲು ಒರೆಸಿ, ‘ಕುಂತ್ಕಳ್ರಿ’ ಎಂದರು. ಆಮೇಲೆ ಮೆಲ್ಲಗೆ ಹೇಳಿದರು: ‘ಬೈಯೋವಾಗ ನಾಕು ಜನ ಇದ್ರು ಮೇಡಂ. ಈಗ ನೀವೊಬ್ರೇ ಬಂದೀರಿ.’

ಮಾನ್ಯರೇ, ಈ ಪತ್ರ ಬಹಿರಂಗವಾಗಿರುವುದು ಆ ಮಾತಿಗಾಗಿ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತೇನೆ: ಗೊಲ್ಲಪ್ಪನವರು ಬೇಡವೆಂದರು, ಹಟ ಹಿಡಿದವಳು ನಾನು. ಅವರ ಕೆಲಸದಲ್ಲಿ ಕುಂದಿರಲಿಲ್ಲ. ನಾನು ಅವರ ಮೇಲೆ ಹೊರಿಸಿದ್ದು ಸುಳ್ಳು. ಈಗ ಒಂಬತ್ತಕ್ಕೆ ಒಂದರ ಪಿಸ್ಟನ್ ಹಾಕಿ ಎಂಜಿನ್ ಕಟ್ಟಿಕೊಟ್ಟವರೂ ಅವರೇ. ಮತ್ತೆ ಕಾರು ಹತ್ತಲಾರೆನೆಂದಿದ್ದ ನನ್ನ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಸ್ವತಃ ಚಾಲನೆ ಮಾಡಿ ಐಮಂಗಲದವರೆಗೆ ಹೋಗಿಬಂದವರೂ ಅವರೇ.

ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ನನ್ನ ಸುಳ್ಳನ್ನು ಅಂಟಿಸಿದ ಜಾಗದಲ್ಲೇ ಈ ಪತ್ರವನ್ನೂ ಅಂಟಿಸಬೇಕು. ಕೈಮುಗಿದ ಚಿತ್ರವನ್ನು ಈ ಸಲ ಹುಳಿಯಾರು ರಸ್ತೆಯ ದಿಕ್ಕಿಗೆ ತಿರುಗಿಸಿದರೆ ಇನ್ನೂ ಒಳ್ಳೆಯದು. ನಮ್ಮ ಬಂಕುಗಳ ಪೆಟ್ರೋಲಿಗೆ ಕಿಡಿ ಬರುವವರೆಗೆ ತಾಳ್ಮೆಯಿಂದಿರುವಂತೆ ಒಂದು ವಿಡಿಯೊ ಮಾಡಿ ಉಪದೇಶಿಸಬೇಕು. ಸಾಧ್ಯವಾದರೆ ಮುಂದಿನ ಏಪ್ರಿಲ್ಲಿನಲ್ಲಿ ಹಿರಿಯೂರಿಗೆ ಬಿಜಯಂಗೈದು, ತಾವು ಮಾರಿದ ಪಿಸ್ಟನ್ ಹಾಕಿದ ಯಾವುದಾದರೂ ಕಾರಿನ ಮುಂದಿನ ಎಡ ಸೀಟಿನಲ್ಲಿ ಕೂತು, ಲಾರಿಯೊಂದನ್ನು ಬೆನ್ನಿಗಿಟ್ಟುಕೊಂಡು ಬಲಗಡೆಯ ಸಾಲಿನಲ್ಲಿ ಶಕ್ತಿಯ ಸಂಗೀತವನ್ನು ಆಲಿಸಬೇಕು. ನೀರಿನ ಬಾಟಲಿ ನಾನು ತರುತ್ತೇನೆ.

ಹೇಡಿಯಾಗಿ ಬದುಕುಳಿದ, ತಮ್ಮ ವಿಶ್ವಾಸಿ,
ಯಮುನಾ
ಹಿರಿಯೂರು

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ತಮ್ಮ ಇಂದಿನ ವಿಡಿಯೊ ಬಂತು: ‘ಟರ್ಬೊ ಕಾರಿಗೆ ಹೆಚ್ಚು ಒತ್ತುವ ಪಿಸ್ಟನ್ ಹಾಕುವ ಮೂರ್ಖರು.’ ಅದರಲ್ಲಿ ಪಾಠ ಹೇಳಲು ತಾವು ತೋರಿಸಿದ ಒಡೆದ ಪಿಸ್ಟನ್ನಿನ ಚಿತ್ರ ಬಹಳ ಸ್ಪಷ್ಟವಾಗಿದೆ. ನಾನು ತೆಗೆದದ್ದು, ಪಿಸ್ಟನ್ ಹಿಡಿದಿರುವ ಬೆರಳುಗಳೂ ನನ್ನವೇ.